ಕಿರುಬರಹದ ಬೆಲೆ: ವಿದ್ಯಾಭ್ಯಾಸ ಹಾಗೂ ಕ್ರೀಡಾವಾರ್ತೆಗಳ ಸಂಬಂಧದಲ್ಲಿ ಒಂದು ವಿಚಾರ

ಇಂಗ್ಲಿಷಿನಲ್ಲಿ ಮೈಕ್ರೊಬ್ಲಾಗಿಂಗ್ ಎಂದು ಹೆಸರಾಗಿರುವ ಬರವಣಿಗೆಯನ್ನು ನಾವು ಈ ಲೇಖನದಲ್ಲಿ ಕಿರುಬರಹವೆಂದು ಕರೆಯುತ್ತೇವೆ. ಒಂದೆರಡು ವಾಕ್ಯಗಳಲ್ಲಿ ಮುಗಿಯುವ, ಬರೆದ ಕ್ಷಣದಲ್ಲಿಯೇ ಲೋಕದ ಕಣ್ಣಿಗೆ ಬೀಳುವ, ಓದಿದವನು ಕೂಡಲೇ ಮಾರುತ್ತರ ಕೊಡಬಹುದಾದ ಬರಹವಿದು. 2006ರಲ್ಲಿ ಅಮೆರಿಕೆಯಲ್ಲಿ ಟ್ವಿಟರ್ ಆರಂಭವಾಯಿತು. ಅಲ್ಲಿ ಒಂದು ಬರಹಕ್ಕೆ 140 ಅಕ್ಷರಗಳ ಎಲ್ಲೆ ಗೊತ್ತಾಯಿತು. ಈ ಎಲ್ಲೆಗೆ ಸಾಹಿತ್ಯಶಾಸ್ತ್ರದ ಆಧಾರವೇನೂ ಇರಲಿಲ್ಲ. ಮೊಬೈಲಿನ ಎಸ್ಸೆಮ್ಮೆಸ್ ಸಂದೇಶದಲ್ಲಿ 160 ಅಕ್ಷರಗಳಿಗೆ ಮಾತ್ರ ಎಡೆಯಿದ್ದುದರಿಂದ, ಬರೆದವನ ಹೆಸರಿಗೆಂದು 20ನ್ನು ಕಾದಿರಿಸಿ ಮಿಕ್ಕುದನ್ನು ಬರಹಕ್ಕೆ ಬಿಟ್ಟರು, ಅಷ್ಟೆ. 2017ರ ನವೆಂಬರಿನಲ್ಲಿ ಆ ಎಲ್ಲೆ 280ಕ್ಕೆ ಏರಿತು. 2023ರ ಜುಲೈಯಲ್ಲಿ ಟ್ವಿಟರ್ ಎಂಬ ಹೆಸರೇ ಹೋಗಿ ಎಕ್ಸ್ ಎಂದಾಯಿತು.

ಕಿರುಬರಹದ ವಿಷಯದಲ್ಲಿ ಅಧ್ಯಾಪಕ ವರ್ಗದಲ್ಲಿ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ವಿದ್ಯಾರ್ಥಿಗಳ ಓದನ್ನು ಇದು ಹಾಳುಮಾಡಿತೆಂದು ಕೆಲವರು ಹಲುಬುವರು. ಇದು ಹೊಸ ಕಾಲದ ಕರಿಹಲಗೆಯೆಂದು ಕೆಲವರು ಹೊಗಳುವರು. ಇಬ್ಬರೂ ಬರಹವನ್ನು ಓದಿ ಆ ಮಾತನ್ನಾಡುವುದು ವಿರಳ. ಕಾವ್ಯವನ್ನು ಓದದೆ ಕಾವ್ಯದ ಬೆಲೆ ಕಟ್ಟುವುದನ್ನು ನಾವು ಒಪ್ಪುವುದಿಲ್ಲವಷ್ಟೆ. ಅದೇ ನ್ಯಾಯವನ್ನು 280 ಅಕ್ಷರಗಳ ಬರಹಕ್ಕೂ ಸಲ್ಲಿಸಬೇಕು. ಆದುದರಿಂದ ಇಲ್ಲಿ ಪಾಠದಿಂದ ಒಂದು, ಆಟದಿಂದ ಒಂದು, ಹೀಗೆ ಎರಡು ಸಂದರ್ಭಗಳನ್ನು ಎತ್ತಿಕೊಂಡು ಕಿರುಬರಹದ ಮಾತುಗಳನ್ನೇ ಪರಿಶೀಲಿಸಲು ಯತ್ನಿಸಿದ್ದೇವೆ. ಮೊದಲನೆಯದಕ್ಕೆ ನೆಲೆ ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್, ಎರಡನೆಯದಕ್ಕೆ ಬೆಂಗಳೂರು.

ಮೊದಲು ಅಳತೆಯ ಪ್ರಶ್ನೆ. ಚಿಕ್ಕದಾಗಿ ಬರೆಯುವುದು ಕನ್ನಡಕ್ಕೆ ಹೊಸದೇನೂ ಅಲ್ಲವೆಂಬುದನ್ನು ವಾಚಕರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. ಕಂದಪದ್ಯದ ನಾಲ್ಕು ಪಾದಗಳಲ್ಲಿ ಕ್ರಮವಾಗಿ 12, 20, 12, 20 ಮಾತ್ರೆಗಳು, ಒಟ್ಟು 64. ಅದರೊಳಗೆ ಒಂದು ಲಕ್ಷಣವನ್ನೋ ಒಂದು ವರ್ಣನೆಯನ್ನೋ ಒಂದು ಬೈಗುಳವನ್ನೋ ಪೂರೈಸಿ ಹೇಳುವುದು ನಮ್ಮ ಪ್ರಾಚೀನರಿಗೆ ಸಾಧ್ಯವಾಗಿತ್ತು. ಒಂದು ಕಂದವು ಇಂದಿನ 280ರ ಎಲ್ಲೆಯೊಳಗೆ ಧಾರಾಳವಾಗಿ ಹಿಡಿಸುತ್ತದೆ. ತ್ರಿಪದಿಯ ಮಾತು ಹೇಳುವುದೇ ಬೇಡ. ಇದೇ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರು 1943ರಲ್ಲಿ ಪ್ರಕಟಿಸಿದ ಕಗ್ಗದಲ್ಲಿಯೂ ಪ್ರತಿಯೊಂದು ಪದ್ಯವು ನಾಲ್ಕು ಸಾಲಿಗೆ ಮುಗಿದು ತನ್ನ ಅಂಕಿತದೊಡನೆ ತಾನೇ ನಿಲ್ಲುತ್ತದೆ. ವ್ಯವಹಾರದ ಕಡೆ ನೋಡಿದರೆ 1879ರಲ್ಲಿ ಭಾರತಕ್ಕೆ ಬಂದ ಅಂಚೆ ಕಾರ್ಡೂ, 2013ರ ಜುಲೈಯಲ್ಲಿ ನಿಂತುಹೋದ ತಂತಿಯೂ ಇದೇ ಬಳಗದವು. ತಂತಿಯಲ್ಲಿ ಮಾತಿಗಿಷ್ಟೆಂದು ಹಣ ತೆರಬೇಕಾಗಿದ್ದುದರಿಂದ ಊರಿನಿಂದ ತಂತಿ ಬಂದಿತೆಂದರೆ ಎದೆ ಧಸಕ್ಕೆನ್ನುತ್ತಿತ್ತು. ಹಣ ತೆತ್ತು ಯಾರೂ ಕುಶಲೋಪರಿ ಕಳುಹಿಸುತ್ತಿರಲಿಲ್ಲ. ಇಂದಿನ ಕಿರುಬರಹಕ್ಕೆ ಬರೆಯುವವನು ಏನನ್ನೂ ತೆರಬೇಕಾಗಿಲ್ಲ. ಮಿತಿ ಉಳಿದು ಬೆಲೆ ಹೋಗಿದೆ. ಈ ವ್ಯತ್ಯಾಸವನ್ನು ಮರೆತು ಹೋಲಿಕೆಯನ್ನು ಮಾತ್ರ ಹಿಡಿದುಕೊಂಡರೆ ನಮ್ಮ ವಿಚಾರವು ದಾರಿತಪ್ಪುವುದು ಖಂಡಿತ.

ಇನ್ನೊಂದು ವ್ಯತ್ಯಾಸವುಂಟು. ನಮ್ಮ ಛಂದಸ್ಸು ಎಣಿಸುವುದು ಕಿವಿಗೆ ಕೇಳುವುದನ್ನು: ಅಕ್ಷರವನ್ನು, ಮಾತ್ರೆಯನ್ನು, ಅಂಶವನ್ನು. ಯಂತ್ರ ಎಣಿಸುವುದು ಬೇರೆ. ಯೂನಿಕೋಡ್ ಎಂಬ ಸಂಕೇತ ಪದ್ಧತಿಯಲ್ಲಿ ವ್ಯಂಜನಕ್ಕೆ ಒಂದು, ಅದರ ಗುಣಿತ ಚಿಹ್ನೆಗೆ ಒಂದು, ಅರ್ಧಾಕ್ಷರದ ಕೊಂಬಿಗೆ ಇನ್ನೊಂದು ಎಂದು ಪ್ರತ್ಯೇಕ ಸ್ಥಾನಗಳಿವೆ. ಶಾಸ್ತ್ರ ಎಂಬ ಮಾತು ನಮ್ಮ ಕಣ್ಣಿಗೆ ಎರಡೇ ಅಕ್ಷರ; ಯಂತ್ರದ ಲೆಕ್ಕಕ್ಕೆ ಏಳು. ಮಾಡಿಕೊಳ್ಳಬೇಕಾಗಿದ್ದಿತು ಎಂಬ ಒಂದೇ ಕ್ರಿಯಾಪದ ಇಪ್ಪತ್ತೊಂದು ಸ್ಥಾನಗಳನ್ನು ನುಂಗುತ್ತದೆ. ಚೀನೀ, ಜಪಾನೀ ಮತ್ತು ಕೊರಿಯನ್ ಲಿಪಿಗಳಲ್ಲಿ ಒಂದೊಂದು ಗುರುತೂ ಹೆಚ್ಚು ಅರ್ಥವನ್ನು ಹೊರುತ್ತದೆಂದು 2017ರಲ್ಲಿ ಆ ಭಾಷೆಗಳಿಗೆ 140ರ ಎಲ್ಲೆಯನ್ನೇ ಉಳಿಸಿದರು. ಕನ್ನಡವನ್ನು ರೋಮನ್ ಲಿಪಿಯೊಡನೆ ಕೂರಿಸಿ 280 ಕೊಟ್ಟರು. ಇದರಿಂದ ಕನ್ನಡಕ್ಕೆ ಅನ್ಯಾಯವಾಯಿತೆಂದು ದೂರುವವರನ್ನು ನಾವು ಕೇಳಿದ್ದೇವೆ. ಆದರೆ ಚಾಂಪಿಯನ್ ರೀಫ್ಸ್ ಎಂದು ಕನ್ನಡದಲ್ಲಿ ಬರೆದರೆ ನಡುವಣ ತೆರಪೂ ಸೇರಿ 15 ಸ್ಥಾನ, ಇಂಗ್ಲಿಷಿನಲ್ಲಿ ಬರೆದರೆ 14. ದೂರು ಅಷ್ಟೇನೂ ಬಲವಾದುದಲ್ಲ. ಉದ್ದವಾಗುವುದು ಲಿಪಿಯಿಂದಲ್ಲ, ನಾವು ಪಂಡಿತರು ರೂಢಿಸಿಕೊಂಡಿರುವ ಕ್ರಿಯಾಪದದ ಬಾಲದಿಂದ. ಮಾಡಲ್ಪಟ್ಟಿರುತ್ತದೆ ಎಂಬಲ್ಲಿ ಮಾಡಿದರು ಎಂದರೆ ಸಾಕಾಗುವುದೆಂದು ಕಲಿಸುವ ಮೇಷ್ಟರು ಕಿರುಬರಹವೇ ಆಗಿದ್ದರೆ ಅದಕ್ಕೆ ನಾವು ವಂದಿಸಬೇಕಾದುದೇ. (ಈ ಲೇಖನದ ವಾಕ್ಯಗಳನ್ನು ನೋಡಿ ವಾಚಕರು ನಗುವುದಾದರೆ ಅದಕ್ಕೆ ನಾವು ಸಿದ್ಧರಾಗಿಯೇ ಇದ್ದೇವೆ.)

ಇನ್ನು ಪಾಠದ ಸಂದರ್ಭ. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದು ಜಗತ್ತಿನ ಅತ್ಯಂತ ಆಳವಾದ ಗಣಿಗಳ ಸಾಲಿನಲ್ಲಿ ಎಣಿಕೆಯಾಗಿತ್ತು. ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಈ ಆಳದಿಂದ ಚಿನ್ನವಲ್ಲದೆ ಇನ್ನೊಂದು ಪದಾರ್ಥವೂ ಹೊರಬಂದಿತ್ತು. 1950ರ ದಶಕದ ಆರಂಭದಿಂದಲೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಇಲ್ಲಿ ವಿಶ್ವಕಿರಣಗಳನ್ನು ಅಳೆಯತೊಡಗಿದ್ದರು; ಆ ಕೆಲಸದಲ್ಲಿ ಮೊದಲಿನಿಂದ ನಿಂತವರು ನಂಜನಗೂಡಿನಲ್ಲಿ 1925ರಲ್ಲಿ ಜನಿಸಿದ ಬಿ. ವಿ. ಶ್ರೀಕಂಠನ್. ಕೆಳಕ್ಕೆ ಇಳಿದಂತೆ ಮ್ಯುಯಾನ್ ಎಂಬ ಕಣಗಳ ಎಣಿಕೆ ಕುಗ್ಗುತ್ತ ಬಂದು, ಅತ್ಯಂತ ಆಳದ ನೆಲೆಯಲ್ಲಿ ವಾರಗಟ್ಟಲೆ ಕಾದರೂ ಒಂದೂ ದಾಖಲಾಗದೆ ಹೋಯಿತು. ಏನೂ ಕಾಣದಿರುವುದೇ ಇಲ್ಲಿ ಫಲವಾಯಿತು. ಬೇರೆಲ್ಲ ಕಣಗಳನ್ನೂ ಬಂಡೆ ತಡೆಯುತ್ತದೆ. ಆದುದರಿಂದ ಇಂಥ ನಿಶ್ಶಬ್ದದಲ್ಲಿ ಏನಾದರೂ ಕಂಡರೆ ಅದು ಬಂಡೆಯನ್ನು ಲೆಕ್ಕಿಸದ ನ್ಯೂಟ್ರಿನೋವಿನ ಗುರುತೇ ಆಗಿರಬೇಕು. ಟಾಟಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾನಿಲಯ ಈ ಮೂರೂ ಸೇರಿ ನೆಲದಡಿ ಸುಮಾರು 2.3 ಕಿಲೋಮೀಟರಿನಲ್ಲಿ ಉಪಕರಣಗಳನ್ನು ಹೂಡಿದವು. 1965ರಲ್ಲಿ ಗುರುತು ದೊರೆಯಿತು. ಆಗಸ್ಟ್ 15ರ ಫಿಸಿಕ್ಸ್ ಲೆಟರ್ಸ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು.

ಈ ಪ್ರಕಟನೆಯ ಗಾತ್ರ ನಾಲ್ಕು ಪುಟ. ವಿಜ್ಞಾನಿಗಳು ಇಂಥದನ್ನು ಪತ್ರವೆನ್ನುತ್ತಾರೆ. ಹನ್ನೆರಡು ಹದಿನಾಲ್ಕು ವರ್ಷಗಳ ದುಡಿಮೆ, ಮೂರು ದೇಶಗಳ ವಿದ್ವಾಂಸರು, ಎರಡು ಕಿಲೋಮೀಟರಿಗೆ ಮಿಕ್ಕ ಬಂಡೆ, ಎಲ್ಲವೂ ನಾಲ್ಕು ಪುಟದಲ್ಲಿ. ಚಿಕ್ಕದಾಗಿ ಬರೆಯುವುದು ಆಳವಿಲ್ಲದವರ ಕೆಲಸವೆಂದು ಹೇಳುವವರು ಈ ನಾಲ್ಕು ಪುಟಗಳನ್ನು ಒಮ್ಮೆ ನೋಡಬೇಕು.

ಈಗ ಇದನ್ನೇ ಒಂದು ಕಿರುಬರಹವಾಗಿ ನಮ್ಮ ವಿದ್ಯಾರ್ಥಿಗಳಿಗೆ ತಿಳಿಸಬೇಕೆಂದು ಇಟ್ಟುಕೊಳ್ಳೋಣ. ಇಂದು ಸಾಮಾನ್ಯವಾಗಿ ಕಣ್ಣಿಗೆ ಬೀಳುವ ಮಾದರಿಯನ್ನು ಅನುಸರಿಸಿ ನಾವೇ ಒಂದನ್ನು ರಚಿಸಿ ಕೊಡುತ್ತೇವೆ:

"ನ್ಯೂಟ್ರಿನೋ ಜಗತ್ತಿನಲ್ಲೇ ಮೊದಲು ಸಿಕ್ಕಿದ್ದು ನಮ್ಮ ಕೆ.ಜಿ.ಎಫ್.ನಲ್ಲಿ! ಎಷ್ಟು ಜನಕ್ಕೆ ಗೊತ್ತು? ಕನ್ನಡಿಗರಾದರೆ ಹಂಚಿಕೊಳ್ಳಿ!"

ಈ ಬರಹದಲ್ಲಿ ಉತ್ಸಾಹಕ್ಕೆ ಕೊರತೆಯಿಲ್ಲ, ನಿಜಕ್ಕೆ ಉಂಟು. ನ್ಯೂಟ್ರಿನೋವನ್ನು ಮೊದಲು ಪತ್ತೆಮಾಡಿದವರು 1956ರಲ್ಲಿ ಅಮೆರಿಕೆಯ ಒಂದು ಪರಮಾಣು ಸ್ಥಾವರದ ಬಳಿ ಪ್ರಯೋಗ ನಡೆಸಿದ ಕೋವನ್ ಮತ್ತು ರೈನ್ಸ್. ಚಾಂಪಿಯನ್ ರೀಫಿನಲ್ಲಿ ದೊರೆತುದು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋವಿನ ಗುರುತು. ವ್ಯತ್ಯಾಸ ಒಂದು ವಿಶೇಷಣದ್ದು. ದೊಡ್ಡ ಲೇಖನದಲ್ಲಿ ಒಂದು ವಿಶೇಷಣ ಬಿದ್ದುಹೋದರೆ ಹಿಂದೆ ಮುಂದೆ ಇರುವ ಹತ್ತು ವಾಕ್ಯಗಳು ಅದನ್ನು ತುಂಬಿಕೊಡುತ್ತವೆ. ಕಿರುಬರಹದಲ್ಲಿ ತುಂಬಿಕೊಡುವವರು ಯಾರೂ ಇಲ್ಲ. ಇಷ್ಟಕ್ಕೇ ಮುಗಿಯಲಿಲ್ಲ. ಆ ವಿಶೇಷಣವನ್ನು ಸೇರಿಸಿದ ಮೇಲೂ ಮೊದಲು ಎಂಬ ಮಾತು ತೊಡಕಿನದಾಗಿಯೇ ಉಳಿಯುತ್ತದೆ. ಅದೇ ವರ್ಷ ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲಿ ಅದೇ ರೈನ್ಸ್ ಮತ್ತು ಸಂಗಡಿಗರು ಇದೇ ಹುಡುಕಾಟದಲ್ಲಿದ್ದರು. ಅವರ ಉಪಕರಣಕ್ಕೆ ಗುರುತು ಬಿದ್ದುದು ಫೆಬ್ರವರಿಯಲ್ಲಿ, ನಮ್ಮವರಿಗಿಂತ ಮುಂಚೆ. ಅವರ ಪತ್ರ ಅಚ್ಚಾದುದು ಆಗಸ್ಟ್ 30ರಂದು, ನಮ್ಮವರ ಪತ್ರದ ಅನಂತರ. ಹಾಗಾದರೆ ಮೊದಲು ಯಾರು? ಕಂಡವರೋ, ಪ್ರಕಟಿಸಿದವರೋ? ಭೌತಶಾಸ್ತ್ರದ ತರಗತಿಯಲ್ಲಿ ಒಂದು ಗಂಟೆ ಚರ್ಚೆಗೆ ಸಾಕಾಗುವ ಈ ಪ್ರಶ್ನೆಯನ್ನು ಮೇಲಿನ ಬರಹ ಒಂದು ಆಶ್ಚರ್ಯಸೂಚಕ ಚಿಹ್ನೆಯಿಂದ ಹೊಸಕಿಹಾಕಿದೆ. ಓದಿದವನಿಗೆ ಮುಂದೆ ಕೇಳುವುದಕ್ಕೆ ಏನೂ ಉಳಿದಿಲ್ಲ. ಹಂಚುವುದು ಮಾತ್ರ ಉಳಿದಿದೆ.

ಇದೇ ವಿಷಯವನ್ನು ಹೀಗೆ ಬರೆಯಬಹುದು:

"1965. ಚಾಂಪಿಯನ್ ರೀಫ್ ಗಣಿ, ನೆಲದಡಿ ಸುಮಾರು 2.3 ಕಿ.ಮೀ. ವಿಶ್ವಕಿರಣಗಳು ವಾಯುಮಂಡಲದಲ್ಲಿ ಹುಟ್ಟಿಸಿದ ನ್ಯೂಟ್ರಿನೋಗಳ ಗುರುತು ಇಲ್ಲಿ ದೊರೆಯಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯಲ್ಲೂ ದೊರೆಯಿತು. ಅಷ್ಟು ಆಳಕ್ಕೆ ಏಕೆ ಇಳಿದರು? ನಾಳೆ."

ಯಂತ್ರದ ಲೆಕ್ಕದಲ್ಲಿ ಇದು 200 ಸ್ಥಾನಗಳೊಳಗೆ ಮುಗಿಯುತ್ತದೆ. ಎಲ್ಲೆ ಮುಟ್ಟಲು ಇನ್ನೂ 80 ಉಳಿದಿವೆ. ವರ್ಷವಿದೆ, ಸ್ಥಳವಿದೆ, ಅಳತೆಯಿದೆ, ಪ್ರತಿಸ್ಪರ್ಧಿಗೂ ಎಡೆಯಿದೆ. ಕೊನೆಯಲ್ಲಿ ಒಂದು ನಿಜವಾದ ಪ್ರಶ್ನೆಯಿದೆ. ನಾಳೆ ಎಂಬ ಒಂದು ಮಾತಿನಿಂದ ವಿದ್ಯಾರ್ಥಿ ಒಂದು ರಾತ್ರಿ ಯೋಚಿಸುವಂತೆ ಆಗುತ್ತದೆ. ಕಿರುಬರಹಕ್ಕೆ ವಿದ್ಯಾಭ್ಯಾಸದಲ್ಲಿ ಬೆಲೆಯಿದ್ದರೆ ಆ ಬೆಲೆ ಈ ಒಂದು ರಾತ್ರಿಯಲ್ಲಿದೆ ಎಂದು ನಮ್ಮ ಅಭಿಪ್ರಾಯ. ಪಾಠವನ್ನು ಅದು ಹೇಳಲಾರದು, ಪಾಠಕ್ಕೆ ಕರೆತರಬಲ್ಲದು. ಎರಡು ತರಗತಿಗಳ ನಡುವೆ ತೆರವಾಗಿ ಬಿದ್ದಿರುವ ಇಪ್ಪತ್ತುಮೂರು ಗಂಟೆಗಳಲ್ಲಿ ಒಂದು ಮೊಳೆ ಹೊಡೆದು ಹೋಗಬಲ್ಲದು.

ಆದರೆ ಒಂದು ಅಂಶವನ್ನು ಇಲ್ಲಿಯೇ ಒಪ್ಪಿಕೊಳ್ಳಬೇಕು. ಈ ಸಂಶೋಧನೆಯ ಜೀವಾಳವಾಗಿದ್ದ ಆ ವಾರಗಳನ್ನು, ಒಂದು ಕಣವೂ ಕಾಣದೆ ಕಳೆದ ವಾರಗಳನ್ನು, ಕಿರುಬರಹದ ಲೋಕ ಹೇಗೆ ಹಿಡಿದೀತು? ಅಲ್ಲಿ ಪ್ರತಿದಿನ ಏನಾದರೂ ಆಗಲೇಬೇಕು. ಆಗದಿದ್ದರೆ ಆಯಿತೆಂದಾದರೂ ಹೇಳಬೇಕು. ಇಂದೂ ಏನೂ ಕಾಣಲಿಲ್ಲ ಎಂದು ದಿನವೂ ಬರೆಯುವವನನ್ನು ಯಾರೂ ಹಿಂಬಾಲಿಸರು. ವಿಜ್ಞಾನವನ್ನು ಕಲಿಸಲು ಹೊರಟ ಅಧ್ಯಾಪಕ ಈ ಒಂದು ವಾಕ್ಯವನ್ನು ಆಗಾಗ ಬರೆಯುವ ಧೈರ್ಯ ಮಾಡಬೇಕು. ಮಾಡುವವರು ವಿರಳ.

ಭಾಷೆಯ ವಿಷಯವಾಗಿ ಎರಡು ಮಾತು. ಚಾಂಪಿಯನ್ ರೀಫ್ಸ್‌ನ ಮನೆಗಳಲ್ಲಿ ತಮಿಳು ಹೆಚ್ಚು, ತೆಲುಗು ಉಂಟು, ಶಾಲೆಯಲ್ಲಿ ಇಂಗ್ಲಿಷು, ಕಚೇರಿಯಲ್ಲಿ ಕನ್ನಡ. ಗಣಿ ಮುಚ್ಚಿದ ಮೇಲೆ ಸಾವಿರಾರು ಮಂದಿ ದುಡಿಮೆಗಾಗಿಯೂ ಓದಿಗಾಗಿಯೂ ಬಂಗಾರಪೇಟೆಯ ಮೇಲೆ ಹಾದು ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುತ್ತಾರೆ. ಮುಂಜಾನೆಯ ಆ ರೈಲಿನಲ್ಲಿ ಪುಸ್ತಕ ಬಿಚ್ಚಲು ಮೊಣಕೈಗೆ ಸ್ಥಳವಿರುವುದಿಲ್ಲ. ಮೊಬೈಲನ್ನು ಎದೆಯ ಹತ್ತಿರ ಹಿಡಿದು ನಾಲ್ಕು ಸಾಲು ಓದಬಹುದು. ಮನೆಯಲ್ಲಿ ಕನ್ನಡವಾಡದ ಹುಡುಗನಿಗೆ ಹತ್ತು ಪುಟದ ಕನ್ನಡ ಪ್ರಬಂಧ ಬೆಟ್ಟದಂತೆ ಕಾಣುತ್ತದೆ. ನಾಲ್ಕು ಸಾಲನ್ನು ಅವನು ಓದುತ್ತಾನೆ, ಮರುದಿನ ತಾನೂ ಎರಡು ಸಾಲು ಬರೆಯಲು ಹಿಂಜರಿಯುವುದಿಲ್ಲ. ಅವನು ಅದನ್ನು ರೋಮನ್ ಲಿಪಿಯಲ್ಲಿ ಬರೆದರೆ ಕೆಲವರು ಕಿಡಿಕಾರುತ್ತಾರೆ. ಕೆ. ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ಮಾಡಿಕೊಟ್ಟು ದಶಕಗಳಾದ ಮೇಲೂ ಹೀಗಾಗುತ್ತಿರುವುದು ನಮಗೂ ಸಮ್ಮತವಲ್ಲ. ಆದರೂ ಗದರಿಕೆಗಿಂತ ಕನ್ನಡ ಲಿಪಿಯಲ್ಲಿ ಒಂದು ಸರಿಯಾದ ಮಾರುತ್ತರ ಹೆಚ್ಚು ಕೆಲಸ ಮಾಡುತ್ತದೆ.

ಆಟದ ಕಡೆಗೆ ಬರೋಣ. ಇಲ್ಲಿ ಕಿರುಬರಹದ ಕೆಲಸ ಬೇರೆ. ಪಾಠದಲ್ಲಿ ಒಂದು ರಾತ್ರಿ ತಡವಾದರೆ ಲಾಭ. ಆಟದಲ್ಲಿ ಒಂದು ನಿಮಿಷ ತಡವಾದರೆ ವಾರ್ತೆ ಹಳಸುತ್ತದೆ. ಆಕಾಶವಾಣಿಯ ವೀಕ್ಷಕ ವಿವರಣೆಯಿಂದ ಹಿಡಿದು 2018ರಲ್ಲಿ ಐ.ಪಿ.ಎಲ್. ಪಂದ್ಯಗಳಿಗೆ ದೂರದರ್ಶನದಲ್ಲಿ ಕನ್ನಡ ವಿವರಣೆ ಬಂದುದರವರೆಗೆ ಕನ್ನಡದ ಕ್ರೀಡಾಭಾಷೆ ಬೆಳೆದುಬಂದಿದೆ. ಕಿರುಬರಹದಲ್ಲಿ ಅದು ಇನ್ನಷ್ಟು ಚುರುಕಾಗಬೇಕಾಗಿತ್ತು. ಆಗಿರುವುದು ಹಾಗಲ್ಲ. ಭರ್ಜರಿ, ಧೂಳೀಪಟ, ರಣರೋಚಕ ಎಂಬ ನಾಲ್ಕಾರು ಮಾತುಗಳು ಬಣ್ಣದ ಕಾಗದದಂತೆ ಎಲ್ಲಕ್ಕೂ ಅಂಟಿಕೊಳ್ಳುತ್ತವೆ. ಯಾರು, ಎಷ್ಟು ಓವರಿನಲ್ಲಿ, ಯಾರ ಎದುರು ಎಂಬುದನ್ನು ಹುಡುಕಬೇಕಾಗುತ್ತದೆ. ಇದು ರುಚಿಯ ಮಾತೆಂದು ಬಿಡಬಹುದಾಗಿತ್ತು. ಆದರೆ ಕ್ರೀಡಾಪ್ರಕಟನೆಯ ಅಸ್ಪಷ್ಟತೆ ರುಚಿಯ ಮಾತಾಗಿ ಉಳಿಯದ ಒಂದು ದಿನವನ್ನು ನಾವು ಕಂಡಿದ್ದೇವೆ.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್ನುಗಳಿಂದ ಸೋಲಿಸಿ, ಹದಿನೆಂಟು ವರ್ಷಗಳಲ್ಲಿ ಮೊದಲ ಬಾರಿಗೆ ಐ.ಪಿ.ಎಲ್. ಪ್ರಶಸ್ತಿಯನ್ನು ಪಡೆಯಿತು. ಮರುದಿನ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಾಗಿ 11 ಮಂದಿ ಸತ್ತರು. 50ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ರಾಜ್ಯ ಸರ್ಕಾರವು ಉಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ವರದಿಯಲ್ಲಿ ಆ ದಿನದ ಕಿರುಬರಹಗಳ ವೇಳಾಪಟ್ಟಿಯೇ ಇದೆ. ಬೆಳಗ್ಗೆ 7 ಗಂಟೆ 1 ನಿಮಿಷಕ್ಕೆ ತಂಡದ ಅಧಿಕೃತ ಪುಟದಲ್ಲಿ ಮೊದಲ ಆಹ್ವಾನ. 8 ಗಂಟೆಗೆ ಇನ್ನೊಂದು. 8 ಗಂಟೆ 55 ನಿಮಿಷಕ್ಕೆ ಒಬ್ಬ ಪ್ರಖ್ಯಾತ ಆಟಗಾರರ ದೃಶ್ಯಮುದ್ರಿಕೆಯೊಡನೆ ಮತ್ತೊಂದು. ಮಧ್ಯಾಹ್ನ 3 ಗಂಟೆ 14 ನಿಮಿಷಕ್ಕೆ ಸಂಜೆ 5 ಗಂಟೆಗೆ ವಿಜಯದ ಮೆರವಣಿಗೆಯೆಂಬ ಪ್ರಕಟನೆ. ಉಚಿತ ಪಾಸುಗಳ ಮಾತು ಬಂದುದು ಈ ಕೊನೆಯದರಲ್ಲಿ. ಈ ನಡುವೆ ಹಗಲು ಸಂಚಾರ ಪೊಲೀಸರು ಮೆರವಣಿಗೆ ಇಲ್ಲವೆಂದು ತಿಳಿಸಿದ್ದರು. ಈ ಬರಹಗಳನ್ನು ನೋಡಿದ ಎಣಿಕೆ ಸುಮಾರು 44 ಲಕ್ಷವೆಂದೂ, ನೆರೆದ ಜನ 3 ಲಕ್ಷಕ್ಕೂ ಮೀರಿತೆಂದೂ ವರದಿ ಹೇಳುತ್ತದೆ. ಕ್ರೀಡಾಂಗಣದಲ್ಲಿ ಹಿಡಿಸುವುದು ಸುಮಾರು 35 ಸಾವಿರ.

ತಪ್ಪು ಯಾರದೆಂದು ತೀರ್ಮಾನಿಸುವುದು ನ್ಯಾಯಸ್ಥಾನದ ಕೆಲಸ. ಈ ಪತ್ರಿಕೆಯ ಕೆಲಸವಲ್ಲ. ಬರಹವನ್ನು ಬರಹವಾಗಿ ನೋಡುವ ಅಧಿಕಾರ ಮಾತ್ರ ನಮಗಿದೆ. ಹಾಗೆ ನೋಡಿದಾಗ ಎದ್ದುಕಾಣುವುದು, ಬನ್ನಿ ಎಂಬ ಮಾತು ದಿನದ ಮೊದಲ ಗಂಟೆಯಲ್ಲಿ ಬಂದುದು. ಯಾರು ಬರಬಹುದು, ಎಷ್ಟು ಮಂದಿಗೆ ಎಡೆಯಿದೆ ಎಂಬುದು ಎಂಟು ಗಂಟೆಗಳ ಅನಂತರ, ಜನ ಬಾಗಿಲಿಗೆ ಬಂದ ಮೇಲೆ ಬಂದುದು. ಒಂದು ಪ್ರಕಟನೆಯ ಅರ್ಧ ಬೆಳಗ್ಗೆ, ಉಳಿದರ್ಧ ಸಂಜೆಗೆ. ಗೋಡೆಗೆ ಅಂಟಿಸುವ ಕಾಗದದ ಭಿತ್ತಿಪತ್ರದಲ್ಲಿ ಹೀಗಾಗುವುದಿಲ್ಲ. ಅಲ್ಲಿ ಸ್ಥಳ, ಕಾಲ, ಪ್ರವೇಶದ ಕ್ರಮಗಳು ಒಂದೇ ಹಾಳೆಯಲ್ಲಿ ಇರಲೇಬೇಕು, ಏಕೆಂದರೆ ಇನ್ನೊಂದು ಹಾಳೆ ಅಂಟಿಸಲು ಮತ್ತೊಮ್ಮೆ ಅಂಟು ಕಲಸಬೇಕು. ಕಿರುಬರಹ ಅಗ್ಗವಾದುದರಿಂದ ಅದನ್ನು ಕಂತಿನಲ್ಲಿ ಬರೆಯುವ ಚಾಳಿ ಬೆಳೆದಿದೆ. ಓದುವವರು ಎಲ್ಲ ಕಂತುಗಳನ್ನೂ ಓದುವುದಿಲ್ಲ. ಬೆಳಗಿನ ಕಂತನ್ನು ಓದಿ ಮನೆಬಿಟ್ಟವರಿಗೆ ಮಧ್ಯಾಹ್ನದ ಕಂತು ಗುಂಪಿನ ನಡುವೆ, ಮೊಬೈಲಿನ ಸಂಪರ್ಕವೂ ಸರಿಯಾಗಿ ದೊರೆಯದ ಸ್ಥಳದಲ್ಲಿ, ಯಾವ ಉಪಕಾರಕ್ಕೆ ಬಂದೀತು? ಒಂದು ಪ್ರಕಟನೆಯನ್ನು ಇನ್ನೊಂದು ಅಲ್ಲಗಳೆದಾಗ ಯಾವುದು ಹಿಂದಿನದು ಯಾವುದು ಮುಂದಿನದು ಎಂದು ತಿಳಿಯುವ ಬಗೆಯೂ ಸುಲಭವಲ್ಲ. ಪುಟಗಳು ಕಾಲಾನುಕ್ರಮದಲ್ಲಿಯೇ ಕಣ್ಣಿಗೆ ಬೀಳುತ್ತವೆಂಬ ಭರವಸೆ ಇಲ್ಲ. ನೂರಾರು ಮಂದಿಯನ್ನು ಸೇರಿಸುವ ಕಾಲೇಜಿನ ಕ್ರೀಡಾದಿನಕ್ಕೂ ಇದು ಅನ್ವಯಿಸುತ್ತದೆ. ಕರೆಯುವ ಬರಹದಲ್ಲಿಯೇ ಬಾಗಿಲು, ಎಣಿಕೆ, ಬರಬಾರದವರು ಎಂಬ ಮೂರೂ ಇರತಕ್ಕದ್ದು. ಇವಕ್ಕೆ 280 ಸಾಲದೆಂದು ನಾವು ನಂಬುವುದಿಲ್ಲ.

ದೊಡ್ಡ ಆಟದಲ್ಲಿ ಕಿರುಬರಹ ಹೀಗೆ ಅತಿಯಾಗಿದ್ದರೆ ಚಿಕ್ಕ ಆಟದಲ್ಲಿ ಅದು ಇಲ್ಲವೇ ಇಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಫುಟ್‌ಬಾಲೂ ಹಾಕಿಯೂ ತಲೆಮಾರುಗಳಿಂದ ಬೇರುಬಿಟ್ಟ ಆಟಗಳು. ಇಂದಿಗೂ ಗಣಿಯ ಸಯನೈಡ್ ಮಣ್ಣಿನ ದಿಬ್ಬಗಳ ನೆರಳಿನಲ್ಲಿ ಹುಡುಗರು ಆಡುವ ಪಂದ್ಯಗಳಿಗೆ ದಿನಪತ್ರಿಕೆಯಲ್ಲಿ ಎಡೆಯಿಲ್ಲ. ಎಡೆಯಿಲ್ಲದ್ದಕ್ಕೆ ಪತ್ರಿಕೆಯನ್ನು ದೂರುವಂತೆಯೂ ಇಲ್ಲ. ಅಲ್ಲಿ ಯಾರು ಗೆದ್ದರು, ಯಾರು ಗೋಲು ಹೊಡೆದರು ಎಂಬುದು ಮರುವಾರಕ್ಕೆ ಬಾಯಿಮಾತಾಗಿ, ಮರುವರ್ಷಕ್ಕೆ ಕಥೆಯಾಗಿ, ಆಮೇಲೆ ಏನೂ ಅಲ್ಲದೆ ಹೋಗುತ್ತದೆ. ಇಂಥಲ್ಲಿ ಒಬ್ಬ ವಿದ್ಯಾರ್ಥಿ ಪಂದ್ಯ ಮುಗಿದ ಹತ್ತು ನಿಮಿಷಕ್ಕೆ, ತಾರೀಖು, ಮೈದಾನ, ಎರಡೂ ತಂಡಗಳ ಹೆಸರು, ಮಧ್ಯಂತರದ ಎಣಿಕೆ, ಕೊನೆಯ ಎಣಿಕೆ, ಗೋಲು ಹೊಡೆದವರು, ತೀರ್ಪುಗಾರ ಎಂದು ಎರಡು ಸಾಲು ಬರೆದಿಟ್ಟರೆ ಅದು ಅವನಿಗೆ ಗದ್ಯದ ಪಾಠ, ಊರಿಗೆ ಇತಿಹಾಸ. ಸೋತ ತಂಡದ ಹೆಸರನ್ನು ಬಿಡದೆ ಬರೆಯುವುದನ್ನು ಮೊದಲು ಕಲಿಸಬೇಕು. ಗೆದ್ದವರ ಭಾವಚಿತ್ರವೊಂದೇ ಉಳಿದು, ಯಾರ ಮೇಲೆ ಗೆದ್ದರೆಂಬುದೇ ತಿಳಿಯದ ಬರಹಗಳು ಈಗಲೇ ಬೇಕಾದಷ್ಟಿವೆ.

ಬರೆದಿಟ್ಟರೆ ಎಂದೆವು. ಎಲ್ಲಿ ಇಡುವುದು? ಕಿರುಬರಹದ ವಿಮರ್ಶೆಯಲ್ಲಿ ಸಾಮಾನ್ಯವಾಗಿ ಕೇಳದೆ ಹೋಗುವ ಪ್ರಶ್ನೆ ಇದು. 2020ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕ ಎಂಬವರು ಕೂ ಎಂಬ ಕಿರುಬರಹದ ತಾಣವನ್ನು ತೆರೆದರು. ಅದು ಮೊದಲು ಬಂದುದು ಕನ್ನಡದಲ್ಲಿ. ಎಲ್ಲೆ 400 ಅಕ್ಷರ. ಭಾರತೀಯ ಭಾಷೆಗಳಿಗಾಗಿ ಕಟ್ಟಿದುದೆಂದು ಅದಕ್ಕೆ ಅದೇ ವರ್ಷ ಕೇಂದ್ರ ಸರ್ಕಾರದ ಸ್ಪರ್ಧೆಯೊಂದರಲ್ಲಿ ಬಹುಮಾನವೂ ದೊರೆಯಿತು. ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್ ಮೊದಲಾದ ಕ್ರೀಡಾಪಟುಗಳು ಅಲ್ಲಿಗೆ ಬಂದರು. ಕನ್ನಡ ಅಧ್ಯಾಪಕರು, ಕವಿಗಳು, ಮನೆಮದ್ದು ಹೇಳುವವರು, ಜಿಲ್ಲೆಯ ಆಟಗಳ ಎಣಿಕೆ ಕೊಡುವವರು ಎಲ್ಲರೂ ಬಂದರು. 2024ರ ಜುಲೈಯಲ್ಲಿ ಹಣದ ಅಡಚಣೆಯಿಂದ ಅದು ಮುಚ್ಚಿಹೋಯಿತು. ನಾಲ್ಕು ವರ್ಷಗಳಲ್ಲಿ ಕನ್ನಡದಲ್ಲಿ ಬರೆದುದನ್ನು ಬೇರೆ ಕಡೆ ಪ್ರತಿಮಾಡಿ ಇಟ್ಟುಕೊಳ್ಳದವರಿಗೆ ಇಂದು ತಮ್ಮದೇ ಬರಹವನ್ನು ಓದುವ ಉಪಾಯವಿಲ್ಲ. ಆ ತಾಣದಲ್ಲಿದ್ದ ಬರಹಗಳ ಗುಣವನ್ನು ಕುರಿತು ನಮಗೆ ಅತಿಶಯದ ಅಭಿಪ್ರಾಯವೇನೂ ಇಲ್ಲ. ಆದರೆ ಗುಣವನ್ನು ತೂಗುವುದಕ್ಕಾದರೂ ಬರಹ ಕೈಗೆ ಸಿಕ್ಕಬೇಕಲ್ಲವೆ?

1905ರಲ್ಲಿ ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಕೋಲಾರ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ಕನ್ನಡ, ತಮಿಳು, ತೆಲುಗು ಮೂರೂ ಅದರಲ್ಲಿ ಸೇರಿವೆ. ಇಂದಿನ ಚಾಂಪಿಯನ್ ರೀಫ್ಸ್‌ನ ಬೀದಿಯಂತೆಯೇ. ಅದರಲ್ಲಿಯ ಎಷ್ಟೋ ವೀರಗಲ್ಲುಗಳ ಬರಹ ಕಿರುಬರಹದ ಗಾತ್ರದ್ದು: ಯಾವ ಅರಸನ ಕಾಲ, ಯಾವ ಊರಿನ ತುರುವಿಗಾಗಿ ಹೋರಾಟ, ಯಾರು ಬಿದ್ದರು, ಕಲ್ಲನ್ನು ಯಾರು ನಿಲ್ಲಿಸಿದರು. ಸಾವಿರ ವರ್ಷಗಳ ಬಳಿಕವೂ ನಾವು ಅದನ್ನು ಓದುತ್ತಿದ್ದೇವೆ. ಕಲ್ಲು ಗಟ್ಟಿಯೆಂಬುದಷ್ಟೇ ಇದಕ್ಕೆ ಕಾರಣವಲ್ಲ. ಬರೆದವನು ತನ್ನನ್ನು ಅರಿಯದ ಓದುಗನನ್ನು ಮನಸ್ಸಿನಲ್ಲಿಟ್ಟುಕೊಂಡು ಕಾಲವನ್ನೂ ಸ್ಥಳವನ್ನೂ ಹೆಸರನ್ನೂ ಬರೆದ. ಇಂದಿನ ಕಿರುಬರಹದಲ್ಲಿ ಇವತ್ತು, ನಮ್ಮವರು, ಇಲ್ಲಿ ಎಂಬ ಮಾತುಗಳೇ ತುಂಬಿವೆ. ಮೂರು ತಿಂಗಳ ಮೇಲೆ ಓದಿದರೆ ಯಾವತ್ತು, ಯಾರವರು, ಎಲ್ಲಿ ಎಂದು ಬರೆದವನನ್ನೇ ಕೇಳಬೇಕು. ವಚನಗಳೂ ಓಲೆಗರಿಗಳಲ್ಲಿ ಚದುರಿಹೋಗಿದ್ದವು, ಫ. ಗು. ಹಳಕಟ್ಟಿಯವರಂಥ ಒಬ್ಬರು ಊರೂರು ಅಲೆದು ಕೂಡಿಸಿದುದರಿಂದ ನಮ್ಮ ಪಾಲಿಗೆ ಉಳಿದವು. ಮುಚ್ಚಿಹೋದ ತಾಣದ ಬಾಗಿಲಿಗೆ ಯಾವ ಹಳಕಟ್ಟಿಯವರೂ ಹೋಗಲಾರರು.

ಆದುದರಿಂದ ಈ ವಿಷಯದಲ್ಲಿ ಕಾಲೇಜುಗಳು ತಾವೇ ಮಾಡಬಹುದಾದ ಒಂದು ಸಣ್ಣ ಕೆಲಸವನ್ನು ಸೂಚಿಸುತ್ತೇವೆ. ಅಧ್ಯಾಪಕರೂ ವಿದ್ಯಾರ್ಥಿಗಳೂ ಪಾಠಕ್ಕೆ, ಆಟಕ್ಕೆ ಸಂಬಂಧಿಸಿ ಬರೆಯುವ ಕಿರುಬರಹಗಳನ್ನು ತಿಂಗಳಿಗೊಮ್ಮೆ ಸಾದಾ ಕಡತವಾಗಿ ಪ್ರತಿಮಾಡಿ, ಒಂದು ಪ್ರತಿಯನ್ನು ಕಾಗದದ ಮೇಲೆ ಅಚ್ಚುಹಾಕಿಸಿ ಗ್ರಂಥಾಲಯದಲ್ಲಿ ಇಡುವುದು. ಇದಕ್ಕೆ ಬೇಕಾಗುವುದು ಒಂದು ರಿಜಿಸ್ಟರು, ಒಬ್ಬ ಗುಮಾಸ್ತರ ಅರ್ಧ ದಿನ. ಪ್ರತಿಮಾಡುವ ಮುನ್ನ ಇವತ್ತು ಎಂಬಲ್ಲಿ ತಾರೀಖನ್ನೂ ನಮ್ಮವರು ಎಂಬಲ್ಲಿ ತಂಡದ ಹೆಸರನ್ನೂ ತುಂಬಿಸಲು ಬರೆದ ವಿದ್ಯಾರ್ಥಿಯನ್ನೇ ಕೂರಿಸಬಹುದು. ವಿದ್ಯಾರ್ಥಿಗಳ ಖಾಸಗಿ ಮಾತುಗಳನ್ನು ಇದರಲ್ಲಿ ಸೇರಿಸಕೂಡದು. ತನ್ನ ಬರಹ ಬೇಡವೆನ್ನುವವನದನ್ನು ಕೈಬಿಡಬೇಕು. ಮೊದಲ ವರ್ಷದ ಕಡತ ಬಹುಶಃ ತೆಳ್ಳಗಿದ್ದೀತು, ಮತ್ತು ಅದರಲ್ಲಿ ಬಹುಪಾಲು ಫುಟ್‌ಬಾಲಿನದೇ ಇದ್ದೀತು.